ಕಣ್ಣುಳಿ ಕಲ್ಲಿಗೆ ಹಿಡಿದ ದಿನ

ಒದ್ದೆ ಕಲ್ಲಿನ ಮೇಲೆ ಉಕ್ಕು ಸವೆಯುವಾಗ ಏಳುವ ವಾಸನೆ ನಿಮ್ಮನ್ನು ಯಾವತ್ತಾದರೂ ನಿಂತಲ್ಲೇ ಹಿಡಿದು ನಿಲ್ಲಿಸಿದೆಯಾ? ನಿಜ ಹೇಳಿ. ಮೊದಲ ಮಳೆ, ಮಣ್ಣಿನ ಘಮ ಅಂತೆಲ್ಲ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅದು ಬೇಡ. ನಾನು ಕೇಳುತ್ತಿರುವುದು ಬಾಯೊಳಗೆ ಹಳೇ ಬೀಗದ ಕೈ ಇಟ್ಟುಕೊಂಡ ಹಾಗೆ ನಾಲಿಗೆಯ ಬುಡಕ್ಕೆ ತಾಗುವ ವಾಸನೆ. ಹೋದ ವಾರ ಕಪಾಟಿನ ಬಾಗಿಲು ಮಾಡಿಸಲು ರಾಯಚೂರಿನ ಒಂದು ಫರ್ನಿಚರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹೊಸದಾಗಿ ತರಿಸಿದ ಮಷೀನನ್ನು ಬಹಳ ಖುಷಿಯಿಂದ ತೋರಿಸಿದರು. ದುಂಡನೆಯ ಕಲ್ಲು, ಅರ್ಧ ನೀರಿನಲ್ಲಿ ಮುಳುಗಿ ನಿಧಾನಕ್ಕೆ ತಿರುಗುತ್ತದೆ, ಉಳಿ ಹಿಡಿಯಲು ಒಂದು ಸ್ಟೀಲಿನ ಕೈ. "ಎಷ್ಟೊತ್ತು ಹಿಡದ್ರೂ ಉಳಿ ಬಿಸಿ ಆಗಂಗಿಲ್ರಿ ಮೇಡಂ, ನೋಡ್ರಿ" ಅಂತ ಸ್ವಿಚ್ ಒತ್ತಿದರು. ಉಳಿ ಕಲ್ಲಿಗೆ ತಾಗಿತು, ವಾಸನೆ ಬಂತು. ಹೊರಗೆ ಆಟೋದವರು ಹಾರ್ನ್ ಹೊಡೆಯುತ್ತಿದ್ದರು. ನಾನು ಮಾತ್ರ ಮಾನ್ವಿಯ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ಅದೇ ಚಿಕ್ಕ ಹುಡುಗಿ, ಅದೇ ಹೆದರಿಕೆ.

ನಮ್ಮದು ಬಡಿಗರ ಮನೆ. ತಾತ ಕಾಳಪ್ಪ, ಅಜ್ಜಿ ಈರಮ್ಮ, ನಮ್ಮಪ್ಪ ಮೌನೇಶ, ನಮ್ಮವ್ವ, ನಾನು. ತಾತನ ಒಬ್ಬಳೇ ಮಗಳು, ಅಂದರೆ ನಮ್ಮಪ್ಪನ ತಂಗಿ, ಕಮಲತ್ತೆ. ಅವಳನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ನಮ್ಮ ಮನೆಯ ಹೊಸ್ತಿಲು ದಾಟಿದರೆ ಕಾಲಿಗೆ ಮೊದಲು ಸಿಗುತ್ತಿದ್ದದ್ದು ಕಟ್ಟಿಗೆಯ ಹೊಟ್ಟು, ಮೂಗಿಗೆ ಸಿಗುತ್ತಿದ್ದದ್ದು ಸಾಗವಾನಿಯ ಎಣ್ಣೆವಾಸನೆ. ಬೇವು ಕೊಯ್ದ ದಿನ ಮಜ್ಜಿಗೆಯೂ ಕಹಿ ಅನ್ನಿಸುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಉಳಿ ಮಸೆಯುವ ನೀರುಸಾಣೆ. ಗಟ್ಟಿ ಮರದ ಸ್ಟ್ಯಾಂಡು, ನಡುವೆ ಊಟದ ಗಂಗಾಳದಷ್ಟು ಅಗಲದ ಕೆಂಪು ಮರಳುಗಲ್ಲಿನ ಚಕ್ರ, ಅದರ ಕೆಳಗೆ ಅಡ್ಡ ಕತ್ತರಿಸಿದ ಎಣ್ಣೆ ಡಬ್ಬಿಯಲ್ಲಿ ನೀರು. ಚಕ್ರದ ಒಂದು ಕಡೆ ಕೈಹಿಡಿಕೆ. ಇನ್ನೊಂದು ಕಡೆಗೆ ನಮ್ಮಪ್ಪ ಹಾಳಾದ ಕೂಲರಿನ ಮೋಟರು ತಂದು ಬೆಲ್ಟು ಹಾಕಿದ್ದ. ಮೋಟರು ಬರುವ ಮುಂಚೆ, ಮದುವೆಯಾಗಿ ಆ ಮನೆಗೆ ಬಂದಾಗಿನಿಂದ, ಹಿಡಿಕೆ ತಿರುಗಿಸುತ್ತಿದ್ದದ್ದು ಅಜ್ಜಿ. ತಾತ ಉಳಿ ಹಿಡಿಯುವುದು, ಅಜ್ಜಿ ಕಲ್ಲು ತಿರುಗಿಸುವುದು, ಇಬ್ಬರೂ ಎದುರುಬದುರು. ಜಗಳವಾಡಿ ಮಾತು ಬಿಟ್ಟ ದಿನವೂ ಬೆಳಗಾದರೆ ಹಾಗೇ ಎದುರುಬದುರು ಕೂರುತ್ತಿದ್ದರಂತೆ, ಉಳಿಗೆ ಜಗಳ ಗೊತ್ತಾಗುವುದಿಲ್ಲವಲ್ಲ. ಮೋಟರು ಹಾಕಿದ ದಿನ ಅಜ್ಜಿ ಕೈ ಒರೆಸಿಕೊಂಡು, ತನ್ನ ನೌಕರಿ ಹೋಯಿತು, ಇನ್ನು ಪಿಂಚಣಿ ಕೊಡಿ ಅಂದಿದ್ದಳಂತೆ.

ತಾತನ ದೊಡ್ಡ ಉಳಿಗಳ ಬಗ್ಗೆ ನನಗೆ ಅಷ್ಟು ನೆನಪಿಲ್ಲ. ನೆನಪಿರುವುದು ಕೆತ್ತನೆಯ ಸಣ್ಣ ಉಳಿಗಳು. ಎಲೆಗೊಂದು, ಬಳ್ಳಿಗೊಂದು, ಗಿಳಿಯ ರೆಕ್ಕೆಗೊಂದು. ಎಲ್ಲಕ್ಕಿಂತ ಚಿಕ್ಕದು ಕಣ್ಣುಳಿ, ಪೆನ್ಸಿಲಿಗಿಂತ ಸಪೂರ, ತುದಿ ಕಿರುಬೆರಳಿನ ಉಗುರಿನ ಹಾಗೆ ಬಾಗಿದ್ದು. ಗಿಳಿಗೆ ಕಣ್ಣು ಕೆತ್ತಲು ಮಾತ್ರ ಅದು ಹೊರಗೆ ಬರುತ್ತಿತ್ತು. ಕಣ್ಣು ಕೊನೆಯ ಕೆಲಸ. ಕಣ್ಣು ತೆಗೆದ ಮೇಲೆ ಆ ಮರಕ್ಕೆ ಮತ್ತೆ ಉಳಿ ತಾಗಿಸುವಂತಿಲ್ಲ. ಈ ಉಳಿಗಳನ್ನೆಲ್ಲ ಊರಿನ ಕಮ್ಮಾರರೇ ಮಾಡಿಕೊಡುತ್ತಿದ್ದರು, ಮೈಯೆಲ್ಲ ಕಬ್ಬಿಣ, ತುದಿಯಲ್ಲಿ ಮಾತ್ರ ಬೆಸೆದ ಉಕ್ಕು. ಉಕ್ಕು ಇರುವ ತನಕ ಅದು ಉಳಿ, ಮುಗಿದರೆ ಬರೀ ಕಡ್ಡಿ. ಸಾಣೆಗೆ ಹಿಡಿದಾಗ ಉಕ್ಕು ಸಣ್ಣಗೆ ಸೀಟಿ ಹೊಡೆದ ಹಾಗೆ ಹಾಡುತ್ತದೆ, ಬರೀ ಕಬ್ಬಿಣ ಮಂದವಾಗಿ ಗೊರಗೊರ ಅನ್ನುತ್ತದೆ. ಒಂದೊಂದು ಉಳಿಯ ದನಿಯೂ ಬೇರೆ. ಇದನ್ನು ಹಿಡಿಯುವ ಕಿವಿ ಇದ್ದದ್ದು ಕಮಲತ್ತೆಗೆ. ಮದುವೆಗೆ ಮುಂಚೆ ಅವಳು ಒಳಗೆ ರೊಟ್ಟಿ ಬಡಿಯುತ್ತಾ ಕೂತಿದ್ದರೆ ತಾತ ಬೇಕಂತಲೇ ಉಳಿ ಬದಲಿಸುತ್ತಿದ್ದನಂತೆ. ರೊಟ್ಟಿಯ ಸಪ್ಪಳದ ನಡುವೆಯೇ ಅವಳು "ಎಲಿ ಉಳಿ," "ರೆಕ್ಕಿ ಉಳಿ" ಅಂತ ಒಳಗಿನಿಂದ ಹೇಳುತ್ತಿದ್ದಳಂತೆ. ತಾತ ಉಳಿಯ ಹರಿತವನ್ನು ಎಡ ಮುಂಗೈಯ ಕೂದಲು ಬೋಳಿಸಿ ನೋಡುತ್ತಿದ್ದ. ಆ ಕೈ ಯಾವಾಗಲೂ ಕೂಸಿನ ಕೈಯ ಹಾಗೆ ನುಣ್ಣಗಿರುತ್ತಿತ್ತು.

ತಾತ ಮಾಡುವ ತೊಟ್ಟಿಲು ಮಾನ್ವಿ ಕಡೆ ಹೆಸರುವಾಸಿ. ಆದರೆ ತೊಟ್ಟಿಲಿಗೆ ಒಂದು ಕಟ್ಟುಪಾಡು ಇತ್ತು. ಹೊಟ್ಟೆಯಲ್ಲಿರುವ ಕೂಸಿಗೆ ತೊಟ್ಟಿಲು ಮಾಡುವಂತಿಲ್ಲ. ಬಟ್ಟೆ ಹೊಲಿಯುವುದಿಲ್ಲ, ಹೆಸರು ಯೋಚಿಸುವುದಿಲ್ಲ, ಹಾಗೇ ತೊಟ್ಟಿಲಿನ ಕೆಲಸವನ್ನೂ ಹಿಡಿಯುವುದಿಲ್ಲ. ಕೂಸು ಅತ್ತ ಸುದ್ದಿ ಬಂದ ಮೇಲೆಯೇ ಸಣ್ಣ ಉಳಿಗಳು ಸಾಣೆಗೆ ಹೋಗಬೇಕು, ಹೆಸರಿಡುವ ದಿನದೊಳಗೆ ತೊಟ್ಟಿಲು ಮುಗಿಯಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಸಣ್ಣ ಉಳಿಯ ಸೀಟಿ ಕೇಳಿತು ಅಂದರೆ ಓಣಿಗೆಲ್ಲ ಗೊತ್ತು, ಎಲ್ಲೋ ಕೂಸು ಹುಟ್ಟಿದೆ, ಗಟ್ಟಿಯಾಗಿದೆ. ನೀರು ತರುವವರು ಬಾಗಿಲಲ್ಲಿ ನಿಂತು ಯಾರ ಮನೆಯದು ಅಂತ ಕೇಳಿಯೇ ಮುಂದೆ ಹೋಗುತ್ತಿದ್ದರು.

ಈ ಕಟ್ಟುಪಾಡನ್ನು ತಾತ ಒಂದೇ ಒಂದು ಸಲ ಮುರಿದಿದ್ದ, ಕಮಲತ್ತೆಯ ಮೊದಲ ಬಸಿರಿನಲ್ಲಿ. ಮಗಳ ಚೊಚ್ಚಲ ಕೂಸು, ತವರಿನಿಂದಲೇ ತೊಟ್ಟಿಲು ಹೋಗಬೇಕು. ಖುಷಿ ತಡೆಯಲಾಗದೆ ಕುಪ್ಪುಸ, ಅಂದರೆ ಸೀಮಂತ, ಮಾಡಿದ ಮರುದಿನವೇ ಸದ್ದಿಲ್ಲದೆ ಬಳ್ಳಿ ಕೆತ್ತಲು ಕೂತ. ಆ ಕೂಸಿಗೆ ಹುಟ್ಟುವಾಗಲೇ ಉಸಿರಿರಲಿಲ್ಲ. ಜನ ಬಾಯಿ ಬಿಟ್ಟು ಹೇಳಿದರೋ ಇಲ್ಲವೋ, ತಾತನಿಗಂತೂ ಅದು ತನ್ನ ಕೈಯಿಂದಲೇ ಆದದ್ದು ಅಂತ ಕೂತುಬಿಟ್ಟಿತು. ಎರಡನೇ ಬಸಿರಿನಲ್ಲಿ ಕಟ್ಟುನಿಟ್ಟಾಗಿ ಕಾದ. ಕೂಸು ಅತ್ತಿತು, ಸುದ್ದಿ ಬಂತು, ಆದರೂ ಇನ್ನೂ ಸ್ವಲ್ಪ ತಡಿ, ಇನ್ನೂ ಸ್ವಲ್ಪ ತಡಿ ಅಂತ ಉಳಿ ಮುಟ್ಟಲಿಲ್ಲ. ಕೆಲವೇ ದಿನ ಬದುಕಿ ಅದೂ ಹೋಯಿತು. ಆಗ ಕಮಲತ್ತೆ ತವರಿಗೆ ಬಂದಾಗ ಅಡುಗೆಮನೆಯ ಗೋಡೆಗೆ ಒರಗಿಕೊಂಡು ತಾತನಿಗೆ ಹೇಳಿದ ಮಾತು ಇಡೀ ಮನೆಯ ಮೇಲೆ ಕಲ್ಲಿನಂತೆ ಬಿತ್ತು. "ನೀ ಸಾಣಿ ಹಿಡೀಲಿಲ್ಲ ಅಪ್ಪ. ಜಾಗ ಮಾಡದಿದ್ರ ಅದು ಎಲ್ಲಿ ಇರಬೇಕು?" ನೋಡಿ, ಅಪ್ಪನಿಗೆ ಬೇಗ ಮಾಡಿದ್ದು ತಪ್ಪು ಅನ್ನಿಸಿತ್ತು, ಮಗಳಿಗೆ ತಡ ಮಾಡಿದ್ದು ತಪ್ಪು. ಇಬ್ಬರ ಮಾತಿಗೂ ಬುಡವಿಲ್ಲ, ಒಪ್ಪುತ್ತೇನೆ. ಕೂಸು ಕಳೆದುಕೊಂಡವರ ಮುಂದೆ ಕೂತು ಅದನ್ನು ಹೇಳುವ ಧೈರ್ಯ ಇದ್ದವರು ಹೇಳಲಿ.

ಮೂರನೇ ಸಲ ಕಮಲತ್ತೆ ಬಸಿರಾದ ಸುದ್ದಿ ಬಂದ ದಿನ ತಾತ ಇನ್ನೊಂದೇ ದಾರಿ ಹಿಡಿದ. ಸಾಣೆಯನ್ನೇ ನಿಲ್ಲಿಸಿಬಿಟ್ಟ. ಡಬ್ಬಿಯ ನೀರು ಚೆಲ್ಲಿ, ಕಲ್ಲು ಒರೆಸಿ, ಮೇಲೆ ಗೋಣಿಚೀಲ ಹೊದಿಸಿದ. ಕೂಸು ಹುಟ್ಟುವ ತನಕ ಮನೆಯಲ್ಲಿ ಕಲ್ಲಿನ ಸದ್ದೇ ಏಳಬಾರದು, ಅದು ಯಾವ ಉಳಿಯದ್ದೇ ಆಗಿರಲಿ. ಬಡಿಗರ ಮನೆಯಲ್ಲಿ ಸಾಣೆ ನಿಲ್ಲಿಸುವುದು ಅಂದರೆ ಒಲೆ ಆರಿಸಿದ ಹಾಗೆ. ಆ ತಿಂಗಳುಗಳ ಮೌನ ಈಗಲೂ ನನ್ನ ಕಿವಿಯಲ್ಲಿದೆ. ಅಜ್ಜಿ ಪಾತ್ರೆಯನ್ನೂ ಸಪ್ಪಳವಾಗದಂತೆ ಇಡುತ್ತಿದ್ದಳು. ನಾನು ಆ ಗೋಣಿಚೀಲದ ಹತ್ತಿರ ಹೋದರೆ ಅವ್ವ ಕಣ್ಣಲ್ಲೇ ಗದರುತ್ತಿದ್ದಳು. ಆದರೆ ಬಾಗಿಲು, ಕಿಟಕಿ, ಮಂಚದ ಕೆಲಸ ನಿಲ್ಲುತ್ತದೆಯೇ? ಮೊಂಡು ಉಳಿಯಲ್ಲಿ ಎಷ್ಟು ದಿನ ಹೊಡೆಯುವುದು? ಒಂದು ದಿನ ನಮ್ಮಪ್ಪ ತಾತನಿಗೆ ಹೇಳದೆ ಉಳಿಗಳ ಚೀಲವನ್ನೇ ಎತ್ತಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ವೆಲ್ಡಿಂಗ್ ಅಂಗಡಿಗೆ ಹೋದ. ಅಲ್ಲಿ ಕರೆಂಟಿನ ಒಣ ಚಕ್ರ, ನೀರಿಲ್ಲ, ಕಿಡಿಯ ಮಳೆ. ಕ್ಷಣದಲ್ಲಿ ಎಲ್ಲ ಫಳಫಳ ಹೊಳೆಯುವಂತೆ ಮಾಡಿಸಿಕೊಂಡು ಬಂದ.

ತಾತ ಚೀಲ ಬಿಚ್ಚಿ ಒಂದೊಂದೇ ಉಳಿಯನ್ನು ಬೆಳಕಿಗೆ ಹಿಡಿದ. ತುದಿಗಳೆಲ್ಲ ನೀಲಿ. ನವಿಲಿನ ಕುತ್ತಿಗೆಯ ಬಣ್ಣ, ನನಗಂತೂ ಬಹಳ ಚೆಂದ ಕಂಡಿತ್ತು. ಒಣ ಚಕ್ರದ ಕಾವಿಗೆ ಉಕ್ಕಿನ ಹದ ಸುಟ್ಟುಹೋದರೆ ಆ ಬಣ್ಣ ಬರುತ್ತದೆ, ಆಮೇಲೆ ಉಳಿ ಎಷ್ಟು ಹೊಳೆದರೂ ಸಾಗವಾನಿಗೆ ಒಂದೇಟು ಹಾಕಿದರೆ ತುದಿ ಎಲೆಯ ಹಾಗೆ ಮಡಚಿಕೊಳ್ಳುತ್ತದೆ. ಸಪೂರ ಉಳಿಗಳೇ ಹೆಚ್ಚು ಸುಟ್ಟಿದ್ದವು, ತೆಳುವಿಗೆ ಕಾವು ಬೇಗ ಏರುತ್ತದೆ. ಕಣ್ಣುಳಿಯಲ್ಲಿ ನೀಲಿ ದಾಟಿ ಉಳಿದಿದ್ದ ಉಕ್ಕು ಜೋಳದ ಕಾಳಿನಷ್ಟೂ ಇರಲಿಲ್ಲ. ತಾತ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟ. ನಮ್ಮಪ್ಪ ಅವತ್ತು ಊಟ ಮಾಡದೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಯಾರೂ ಕರೆಯಲೂ ಇಲ್ಲ.

ಇನ್ನೂ ದಿನ ತುಂಬಿರಲಿಲ್ಲ, ಅಷ್ಟರಲ್ಲೇ ಕಮಲತ್ತೆಗೆ ನೋವು ಬಂದು ದೇವದುರ್ಗದಿಂದ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಅವ್ವ ಮಾನ್ವಿಯಿಂದ ಬಸ್ಸು ಹತ್ತಿ ಅವಳ ಜೊತೆಗೆ ಹೋದಳು. ಮರುದಿನ ಎದುರು ಮನೆಯ ಖಾಸೀಂ ಸಾಬರ ಕಟ್ಟಿಗೆ ಅಡ್ಡಾಕ್ಕೆ ಫೋನು ಬಂತು. ಓಣಿಯಲ್ಲಿ ಫೋನಿದ್ದದ್ದು ಅವರಲ್ಲಿ ಮಾತ್ರ. ಹೆಣ್ಣು ಕೂಸು, ಅಂಗೈಯಲ್ಲಿ ಹಿಡಿಸುವಷ್ಟು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಡಾಕ್ಟರು ಈಗಲೇ ಏನೂ ಹೇಳಲ್ಲ ಅಂತಿದ್ದಾರೆ. ಇಷ್ಟೇ ಸುದ್ದಿ. ತಾತ ಎದ್ದು ಹೋಗಿ ಗೋಣಿಚೀಲದ ಮೇಲೆ ಕೈ ಇಟ್ಟ. ಅಜ್ಜಿ ಅಡ್ಡ ಬಂದು ನಿಂತಳು. ಅಷ್ಟು ತಣ್ಣಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಹೊಟ್ಟ್ಯಾಗ ಇದ್ದಾಗ ಕೆತ್ತಿ ಒಂದು ಕಳಕೊಂಡೀವಿ. ಆ ಗಾಜಿನ ಪೆಟ್ಟಿಗಿನೂ ಒಂದು ಹೊಟ್ಟೀನ ಅದ. ಅದರಾಗಿಂದ ಹೊರಗ ಬರೋತನ ನೀ ಉಳಿ ಮುಟ್ಟಬ್ಯಾಡ."

"ಕೂಸು ಹುಟ್ಟ್ಯಾದೋ ಇಲ್ಲೋ, ಅದೊಂದು ಹೇಳು ನಂಗ," ಅಂದ ತಾತ.

ಅದನ್ನು ಯಾರು ಹೇಳಬೇಕು? ಅತ್ತ ಕೂಸು ಹುಟ್ಟಿದ ಕೂಸು, ಸರಿ. ಆದರೆ ಗಾಜಿನೊಳಗೆ ಅತ್ತರೆ ಅದಕ್ಕೆ ಕಟ್ಟುಪಾಡು ಏನನ್ನುತ್ತದೆ? ಕಟ್ಟುಪಾಡು ಮಾಡಿದವರ ಕಾಲದಲ್ಲಿ ಗಾಜಿನ ಪೆಟ್ಟಿಗೆಯೇ ಇರಲಿಲ್ಲ. ತಾತ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಮನೆಯಲ್ಲಿ ಎಲ್ಲರ ಕಿವಿಯೂ ಅಡ್ಡಾದ ಫೋನಿನ ಕಡೆಗೇ. ಯಾವ ಗಳಿಗೆಯಲ್ಲಿ ಗಂಟೆ ಹೊಡೆದರೂ ಅಜ್ಜಿ ಕೈಯಲ್ಲಿದ್ದದ್ದನ್ನು ಬಿಟ್ಟು ನಿಲ್ಲುತ್ತಿದ್ದಳು. ಕಟ್ಟಿಗೆ ವ್ಯಾಪಾರದ ಫೋನಾದರೆ ಖಾಸೀಂ ಸಾಬರು ಬಾಗಿಲಿಗೆ ಬಂದು, ನಿಮ್ಮದಲ್ಲ ಅಂತ ಕೈ ಆಡಿಸಿ ತೋರಿಸುತ್ತಿದ್ದರು. ಪಾಪ, ಗಿರಾಕಿಯನ್ನು ಲೈನಿನಲ್ಲಿ ಕಾಯಿಸಿ ಬಂದು ತೋರಿಸುತ್ತಿದ್ದರು.

ಅಲ್ಲಿ ಆಸ್ಪತ್ರೆಯಲ್ಲಿ ಏನಾಗುತ್ತಿತ್ತು ಅಂತ ಅವ್ವ ಫೋನಿನಲ್ಲಿ ಅತ್ತುಕೊಂಡು ಹೇಳಿದಾಗಲೇ ನಮಗೆ ಗೊತ್ತಾದದ್ದು. ಕಮಲತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಕೂಸನ್ನು ನೋಡಲು ಹೋಗಿರಲಿಲ್ಲ. ಒಂದು ಸಲವೂ. ಹಾಲು ಹಿಂಡಿ ಕೊಡು, ಮುಟ್ಟು, ಮಾತಾಡು, ತಾಯಿಯ ಹಾಲು ಬಿದ್ದರೆ ಅದು ಗಟ್ಟಿಯಾಗುತ್ತದೆ ಅಂತ ನರ್ಸಮ್ಮ ಬಂದು ಬಂದು ಬೇಡಿಕೊಂಡರೂ ಏಳಲಿಲ್ಲ. ಎದೆ ಕಲ್ಲಾಗಿ ಜ್ವರ ಬರುತ್ತಿತ್ತು. ಅವಳ ಗಂಡ ಬಾಗಿಲಲ್ಲಿ ನಿಂತು ನಿಂತು ಹೋಗುತ್ತಿದ್ದನಂತೆ. ಕೂಸು ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಕೊನೆಗೆ ಕಮಲತ್ತೆ ಅವ್ವನಿಗೆ ಹೇಳಿದ್ದು ಇಷ್ಟು. "ಅಪ್ಪ ಸಾಣಿ ಹಿಡದಾನೇನು ಕೇಳು ವೈನಿ. ಹಿಡದಿಲ್ಲಂದ್ರ ಅದು ಉಳಿಯಂಗಿಲ್ಲ ಅಂತ ಅವಗ ಗೊತ್ತಾಗ್ಯಾದ. ನಾ ಮುಖ ನೋಡಂಗಿಲ್ಲ. ನೋಡಿ ನೋಡಿ ಮಣ್ಣಿಗಿ ಕೊಡೋದು ಸಾಕಾಗ್ಯಾದ ನಂಗ."

ಫೋನು ಹಿಡಿದಿದ್ದ ನಮ್ಮಪ್ಪ ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿಬಿಟ್ಟ: ಸಾಣೆ ಹಿಡಿದಿದ್ದಾನೆ, ಬಳ್ಳಿ ಅರ್ಧ ಆಗಿದೆ ಅಂತ ಹೇಳು. ಸಂಜೆಯೇ ಮತ್ತೆ ಗಂಟೆ ಹೊಡೆಯಿತು. ಕಮಲತ್ತೆ ನಂಬಿರಲಿಲ್ಲ. ನಾಳೆ ಮಧ್ಯಾಹ್ನ ಆಸ್ಪತ್ರೆಯ ಎದುರಿನ ಫೋನಿನ ಬೂತಿಗೆ ತಾನೇ ಬರುತ್ತಾಳಂತೆ, ಕಲ್ಲಿನ ಸದ್ದು ಕೇಳಿಸಬೇಕಂತೆ. ಖಾಸೀಂ ಸಾಬರು ರಿಸೀವರಿನ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಒಂದು ಉಪಾಯ ಹೇಳಿದರು. ನಮ್ಮ ಅಡ್ಡಾದಲ್ಲೂ ಗರಗಸಕ್ಕೆ ಹಚ್ಚುವ ಅರ ಇದೆ, ಅದನ್ನೇ ತಗಡಿಗೆ ತಿಕ್ಕಿ ಕೇಳಿಸೋಣ, ಒಂದು ಜೀವ ಉಳಿಯುವುದಾದರೆ ಆ ಸುಳ್ಳನ್ನು ಅಲ್ಲಾ ಮಾಫ್ ಮಾಡುತ್ತಾನೆ. ಆ ತಿಂಗಳುಗಳಲ್ಲಿ ಮೊದಲ ಸಲ ತಾತ ನಕ್ಕ ಹಾಗೆ ಮಾಡಿದ.

"ಖಾಸೀಂ, ನಿಂಗ ಮಾಫ್ ಆಗತಾದ ಬಿಡು. ಅಕಿ ಕಿವಿ ನಿಂಗ ಗೊತ್ತಿಲ್ಲ."

ಆ ರಾತ್ರಿ ಯಾರು ಮಲಗಿದರೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ತಾತ ಗೋಣಿಚೀಲ ತೆಗೆದಿದ್ದ. ಅಜ್ಜಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಫೋನಿನ ವೈರು ಅಡ್ಡಾದ ಹೊಸ್ತಿಲ ತನಕ ಮಾತ್ರ ಬರುತ್ತಿತ್ತು. ಹಾಗಾಗಿ ಸಾಣೆಯನ್ನೇ ಎತ್ತಿಕೊಂಡು ಹೋಗಬೇಕು. ನಮ್ಮಪ್ಪ, ಅಡ್ಡಾದ ಹಮಾಲರು ಸೇರಿ ಆ ಭಾರವನ್ನು ಬೀದಿ ದಾಟಿಸಿದರು. ಓಣಿಯವರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಏನಾಯಿತು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಯಾಕೆಂದರೆ ಸಾಣೆ ಮನೆ ಬಿಟ್ಟು ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹೊಸ್ತಿಲಿನಲ್ಲಿ ಇಟ್ಟರು, ಡಬ್ಬಿಗೆ ನೀರು ಹುಯ್ದರು, ತಿಂಗಳುಗಟ್ಟಲೆ ಒಣಗಿದ್ದ ಕಲ್ಲು ಬುಸುಬುಸು ಅಂತ ನೀರು ಕುಡಿಯಿತು. ಅಡ್ಡಾದ ಒಳಗಿನಿಂದ ವೈರು ಎಳೆದು ಮೋಟರಿಗೆ ಹಚ್ಚಿದರು. ಗಂಟೆ ಹೊಡೆಯಿತು. ಖಾಸೀಂ ಸಾಬರು ರಿಸೀವರ್ ಎತ್ತಿ, ಬಂದಿದ್ದಾಳೆ ಅಂತ ಕಣ್ಣು ಸನ್ನೆ ಮಾಡಿದರು. ನಮ್ಮಪ್ಪ ಸ್ವಿಚ್ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಮಾನ್ವಿಯಲ್ಲಿ ಮಧ್ಯಾಹ್ನದ ಹೊತ್ತು ಕರೆಂಟು ಹೋಗುವುದು ಆಗ ಹೊಸದೇನಲ್ಲ, ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ ಅಷ್ಟೇ.

ನಮ್ಮಪ್ಪ ಬೆಲ್ಟು ಕಿತ್ತು ಹಿಡಿಕೆಗೆ ಕೈ ಹಾಕಿದ. ತಿರುಗಿಸಿದರೆ ಕಲ್ಲು ಜೋರಾಗಿ ಓಡುತ್ತಿತ್ತು, ಮರುಕ್ಷಣ ನಿಲ್ಲುತ್ತಿತ್ತು, ನೀರು ಹಾರುತ್ತಿತ್ತು. ಹೀಗೆ ತಿರುಗುವ ಕಲ್ಲಿಗೆ ಸಣ್ಣ ಉಳಿ ಹಿಡಿಯಲಾಗುವುದಿಲ್ಲ, ಕಚ್ಚಿ ಮುರಿಯುತ್ತದೆ. ಅತ್ತ ಫೋನಿನಲ್ಲಿ ಕಮಲತ್ತೆ ಕಾಯುತ್ತಿದ್ದಾಳೆ, ಖಾಸೀಂ ಸಾಬರು "ಒಂದ್ ನಿಮಿಷ ಬೇಟಿ, ಇಡಬ್ಯಾಡ, ಇಡಬ್ಯಾಡ" ಅನ್ನುತ್ತಲೇ ಇದ್ದಾರೆ. ಆಗ ಬೀದಿಯಲ್ಲಿ ನಿಂತಿದ್ದ ಜನ ಸರಿದು ದಾರಿ ಬಿಟ್ಟರು. ಅಜ್ಜಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಭುಜ ತಟ್ಟಿ ಎಬ್ಬಿಸಿ, ತಾತನ ಎದುರಿಗೆ ಕೂತು ಹಿಡಿಕೆ ಹಿಡಿದಳು. ಕಲ್ಲು ನೀರೊಳಗಿಂದ ಎದ್ದು, ತಿರುಗಿ, ಮತ್ತೆ ನೀರಿಗೆ ಇಳಿಯುವುದು ಅಷ್ಟು ಸಮನಾಗಿ ಸಾಗಿತು, ಮೋಟರಿಗೂ ಹಾಗೆ ಬರುತ್ತಿರಲಿಲ್ಲ. ಮುಖ ಮಾತ್ರ ಬೆಂಕಿಯ ಮುಂದೆ ಕೂತವರ ಹಾಗೆ ಬಿಗಿದಿತ್ತು. ಅವಳ ಮನಸ್ಸಿನಲ್ಲಿ ಆ ಕೂಸಿನ ಕುತ್ತಿಗೆಯನ್ನು ತಾನೇ ತಿರುಗಿಸುತ್ತಿದ್ದೇನೇನೋ ಅನ್ನುವ ಭಯ ಇತ್ತು ಅಂತ ಈಗ ನನಗೆ ಅರ್ಥವಾಗುತ್ತದೆ. ಆದರೂ ತಿರುಗಿಸಿದಳು.

ತಾತ ಬಟ್ಟೆಯ ಸುರುಳಿ ಬಿಚ್ಚಿದ. ನಾವೆಲ್ಲ ಬಳ್ಳಿಯ ಉಳಿ ತೆಗೆಯುತ್ತಾನೆ ಅಂದುಕೊಂಡೆವು, ಕೆಲಸ ಶುರುವಾಗುವುದೇ ಅದರಿಂದ. ಅವನು ತೆಗೆದದ್ದು ಕಣ್ಣುಳಿ, ಎಲ್ಲ ಮುಗಿದ ಮೇಲೆ ಬಳಸುವಂಥದ್ದು. ಬೆರಳ ತುದಿಯಲ್ಲಿ ಹಿಡಿದು ಕಲ್ಲಿಗೆ ತಾಗಿಸಿದ. ಸಣ್ಣ ಸೀಟಿ ಎದ್ದಿತು, ಅಡ್ಡಾದ ತಗಡಿನ ಸೂರಿನ ಕೆಳಗೆ ಎಲ್ಲರೂ ಉಸಿರು ಹಿಡಿದರು. ಖಾಸೀಂ ಸಾಬರು ರಿಸೀವರನ್ನು ಕಲ್ಲಿನ ಪಕ್ಕ ಹಿಡಿದು ಮಂಡಿಯೂರಿದ್ದರು, ಕೆಂಪು ನೀರು ಅವರ ಬಿಳಿ ಜುಬ್ಬಾ ಮೇಲೆ ಸಿಡಿಯುತ್ತಿತ್ತು. ಅಲ್ಲಿ ಬೂತಿನಲ್ಲಿ ಏನಾಯಿತು ಅಂತ ಅವ್ವ ಆಮೇಲೆ ಹೇಳಿದಳು. ಕಮಲತ್ತೆ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತಿಗೆ "ಕಣ್ಣುಳಿ" ಅಂದಳು, ತನಗೆ ತಾನೇ. ಮತ್ತೆ ಅಂದಳು, "ಅಪ್ಪ ಮುಗಸ್ತೀನಿ ಅನ್ನಾಕತ್ಯಾನ." ಆದರೂ ಕಿವಿಯಿಂದ ಫೋನು ತೆಗೆಯಲಿಲ್ಲ.

ಇಲ್ಲಿ ತಾತನಿಗೆ ಸಂಕಟ. ಉಕ್ಕು ಇದ್ದದ್ದೇ ಅಷ್ಟು. ನೀಲಿ ಸವೆದು ಬಿಳಿ ಉಕ್ಕು ಕಂಡ ಕೂಡಲೇ ನಿಲ್ಲಿಸಬೇಕಿತ್ತು. ಆದರೆ ಮಗಳು ಇನ್ನೂ ಕೇಳುತ್ತಿದ್ದಾಳೆ, ನಿಲ್ಲಿಸಿದರೆ ಅವಳ ಕಿವಿಯಲ್ಲಿ ಮತ್ತೆ ಅದೇ ಮೌನ. ನಮ್ಮಪ್ಪ ಬಗ್ಗಿ "ಯಪ್ಪಾ, ಉಳಿ ಹೊಂಟದ" ಅಂದ. ತಾತ ತಲೆ ಎತ್ತಲಿಲ್ಲ. ಅಜ್ಜಿಯೂ ಕೈ ನಿಧಾನ ಮಾಡಲಿಲ್ಲ. ಬೆವರು ಅವಳ ಗದ್ದದಿಂದ ನೀರಿನ ಡಬ್ಬಿಗೆ ಬೀಳುತ್ತಿತ್ತು. ಸೀಟಿ ಸಣ್ಣಗಾಗುತ್ತಾ, ಸಣ್ಣಗಾಗುತ್ತಾ ಹೋಗಿ, ಒಂದು ಗಳಿಗೆಯಲ್ಲಿ ಮಂದವಾಯಿತು. ಗೊರಗೊರ. ಬರೀ ಕಬ್ಬಿಣ. ಖಾಸೀಂ ಸಾಬರಿಗೆ ಏನೂ ಗೊತ್ತಾಗಲಿಲ್ಲ. ರಾಯಚೂರಿನಲ್ಲಿ ಕಮಲತ್ತೆಗೆ ಗೊತ್ತಾಯಿತು.

"ಉಕ್ಕು ಮುಗೀತು," ಅಂದಳಂತೆ. "ಸಾಕು ಅನ್ನು ವೈನಿ, ಅಪ್ಪಗ."

ರಿಸೀವರನ್ನು ಅವ್ವನ ಕೈಯಲ್ಲಿಟ್ಟು, ಕಾಲೆಳೆದುಕೊಂಡು ರಸ್ತೆ ದಾಟಿದಳು. ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿದಳು. ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ನಿಂತಾಗ ನರ್ಸಮ್ಮ ಏನೂ ಕೇಳದೆ ಒಂದು ಸ್ಟೂಲು ಎಳೆದು ಹಾಕಿದರಂತೆ. ಅವತ್ತು ಸಂಜೆಯ ಫೋನಿನಲ್ಲಿ ಅವ್ವ ಒಂದೇ ಮಾತು ಹೇಳಿದಳು, ಹಾಲು ಕೊಟ್ಟಳು ಅಂತ. ಅಜ್ಜಿ ಅದನ್ನು ಕೇಳಿ ಅಡ್ಡಾದ ಕಟ್ಟಿಗೆ ರಾಶಿಯ ಹಿಂದೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಸಿನಿಮಾದಲ್ಲಾದರೆ ಅಲ್ಲಿಗೆ ಮುಗಿಯುತ್ತಿತ್ತು. ಮನೆಯಲ್ಲಿ ಹಾಗೆ ಮುಗಿಯಲಿಲ್ಲ. ಕೂಸು ಗಾಜಿನೊಳಗೇ ಇತ್ತು, ಒಂದು ದಿನ ಪರವಾಗಿಲ್ಲ, ಮರುದಿನ ಉಸಿರು ಕಷ್ಟ. ತಾತ ನಿಲ್ಲಲಿಲ್ಲ. ಸಾಣೆಯನ್ನು ವಾಪಸ್ ಮನೆಗೆ ತರಿಸಿ, ಸುಟ್ಟ ಉಳಿಗಳನ್ನು ಒಂದೊಂದಾಗಿ ನೀಲಿ ಹೋಗುವ ತನಕ ನೀರುಸಾಣೆಯಲ್ಲಿ ಸವೆಸಿದ. ಒದ್ದೆ ಕಲ್ಲು ನಿಧಾನ, ಅವಸರಕ್ಕೆ ಬಗ್ಗುವುದಿಲ್ಲ. ಕರೆಂಟು ಇದ್ದರೂ ಅಜ್ಜಿಯೇ ತಿರುಗಿಸಿದಳು, ಬೆಲ್ಟು ಹಾಗೇ ಕೆಳಗೆ ಬಿದ್ದಿತ್ತು. ಓಣಿಯವರು ಸೀಟಿ ಕೇಳಿದರೂ ಬಾಗಿಲಿಗೆ ಬಂದು ಯಾರ ಮನೆಯದು ಅಂತ ಕೇಳಲಿಲ್ಲ. ಎಲ್ಲರೂ ಹೆಜ್ಜೆ ಸಪ್ಪಳ ಮಾಡದೆ ದಾಟುತ್ತಿದ್ದರು. ಬಳ್ಳಿ ಬಂತು, ಎಲೆ ಬಂತು, ತಲೆಯ ಕಡೆಗೆ ಎದುರುಬದುರಾಗಿ ಎರಡು ಗಿಳಿ ಬಂದವು. ಕೂಸು ಪೆಟ್ಟಿಗೆಯಿಂದ ಹೊರಗೆ ಬಂದು ತಾಯಿಯ ಎದೆ ಸೇರಿತು ಅಂತ ಖಾಸೀಂ ಸಾಬರು ಬೀದಿಯಿಂದಲೇ ಕೂಗಿ ಹೇಳಿದ ದಿನ ತಾತ ಗಿಳಿಯ ರೆಕ್ಕೆಗೆ ಮರಳುಕಾಗದ ತಿಕ್ಕುತ್ತಿದ್ದ. ತಿಕ್ಕುತ್ತಲೇ ಇದ್ದ. ಗಿಳಿಗಳಿಗೆ ಕಣ್ಣು ಮಾತ್ರ ಇರಲಿಲ್ಲ. ನಮ್ಮಪ್ಪ ಹೊಸ ಉಳಿ ಮಾಡಿಸಿ ತರುತ್ತೇನೆ ಅಂದ, ಮೊಳೆ ಕಾಸಿ ಚುಚ್ಚೋಣ ಅಂತಲೂ ಅಂದ. ತಾತ ಒಪ್ಪಲಿಲ್ಲ. "ಕಣ್ಣು ಹ್ವಾಗಬೇಕಾದ ಕಡಿ ಹ್ವಾಗ್ಯಾವ ಬಿಡು," ಅಂದ.

ಹೆಸರಿಡುವುದು ತಡವಾಗಿಯೇ ಆಯಿತು, ದೇವದುರ್ಗದಲ್ಲಿ. ತೊಟ್ಟಿಲನ್ನು ಬಸ್ಸಿನ ಮೇಲೆ ಕಟ್ಟಿ, ದಾರಿಯುದ್ದಕ್ಕೂ ತಾತ ಕಿಟಕಿಯಿಂದ ತಲೆ ಹಾಕಿ ಮೇಲೆ ನೋಡುತ್ತಾ, ಕಂಡಕ್ಟರ್ ಹತ್ತಿರ ಬೈಸಿಕೊಳ್ಳುತ್ತಾ ಹೋದೆವು. ತೊಟ್ಟಿಲು ತೂಗು ಹಾಕಿದರು. ಹೆಂಗಸರು ಸುತ್ತ ನೆರೆದರು, ಹೊಗಳಿದರು, ಸವರಿದರು. ಆಮೇಲೆ ಕಮಲತ್ತೆಯ ಅತ್ತೆ, ಕೆಟ್ಟವರಲ್ಲ, ಬಾಯಿ ಸ್ವಲ್ಪ ಜೋರು, ಗಿಳಿಯ ಮುಖದ ಮೇಲೆ ಬೆರಳಾಡಿಸಿ ನಿಂತರು. "ಅಲ್ರೀ ಬೀಗರ, ಗಿಳಿಗಿ ಕಣ್ಣ ಇಲ್ಲಲ್ರೀ? ಕುರ್ಡ ಗಿಳಿ ಕಾವಲ ಇಟ್ಟೀರೇನ ಕೂಸಿಗಿ?" ಯಾರೋ ನಕ್ಕರು. ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡಿದ. ಕಮಲತ್ತೆ ಕೂಸನ್ನು ಎತ್ತಿಕೊಂಡು ಬಂದು ತೊಟ್ಟಿಲಲ್ಲಿ ಮಲಗಿಸಿದಳು. ಅದರ ಮುಖದ ಮೇಲಿನಿಂದ ದೃಷ್ಟಿ ತೆಗೆಯದೆ, ಯಾರ ಕಡೆಗೂ ತಿರುಗದೆ ಹೇಳಿದಳು.

"ಇರ್ಲಿ ಬಿಡ್ರಿ ಅತ್ತಿ. ನೋಡಾಕ ನಾ ಅದೀನಲ್ಲ."

ತಾತ ಹೋಗಿ ಬಹಳ ಕಾಲವಾಯಿತು. ಅಜ್ಜಿ ಅವನ ಹಿಂದೆಯೇ ಹೋದಳು. ಖಾಸೀಂ ಸಾಬರ ಅಡ್ಡಾ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ. ನಮ್ಮ ಮನೆಯನ್ನು ನಾವೇ ಕೆಡವಿ ಮಾರಿದೆವು, ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಮನೆ ಕೆಡವುವಾಗ ನೀರುಸಾಣೆಯ ಕಲ್ಲು ಕೈಗೆ ಸಿಕ್ಕಿದ ಕೂಡಲೇ ಎರಡು ಹೋಳಾಯಿತು. ನಮ್ಮಪ್ಪನೂ ಇಲ್ಲ. ಹೋದ ವರ್ಷ ಕಮಲತ್ತೆ ಹೋದಳು, ಮಗಳು ಪಕ್ಕದಲ್ಲೇ ಇದ್ದಳು. ಆ ಮಧ್ಯಾಹ್ನ ಫೋನಿನ ಎರಡು ತುದಿಗಳಲ್ಲಿ ಉಸಿರು ಹಿಡಿದು ನಿಂತಿದ್ದ ನಮ್ಮ ಮಂದಿಯಲ್ಲಿ ಈಗ ಉಳಿದಿರುವುದು ಅವ್ವ ಮತ್ತು ನಾನು. ಅವ್ವನಿಗೆ ಈಚೆಗೆ ಯಾವುದೂ ಸರಿಯಾಗಿ ನೆನಪಿರುವುದಿಲ್ಲ. ಮೊನ್ನೆ ಕೇಳಿದರೆ, ಯಾವ ಫೋನು ಅಂದಳು.

ಅದಕ್ಕೇ ಬರೆದೆ, ನನಗೂ ಮರೆಯುವ ಮುಂಚೆ. ನಿಮ್ಮ ಮನೆಯಲ್ಲಿ ಕೂಸು ಹುಟ್ಟುವ ಮುಂಚೆ ಏನನ್ನು ಮುಟ್ಟುತ್ತಿರಲಿಲ್ಲ, ಏನನ್ನು ಮಾಡುತ್ತಿರಲಿಲ್ಲ? ಅದನ್ನು ಯಾರಾದರೂ ಹೆದರಿ ಹೆದರಿ, ಆದರೂ ಯಾರಿಗೋಸ್ಕರವೋ ಮುರಿದದ್ದು ನಿಮಗೆ ಗೊತ್ತಿದೆಯಾ? ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಕೂತು ಎಲ್ಲವನ್ನೂ ಓದುತ್ತೇನೆ.